ಮಗಳಿಗೆ ಕಡಲೆಬೀಜದ ಅಲರ್ಜಿ. ಶಾಲೆಯಲ್ಲಿ ಸಂಕ್ರಾಂತಿಗೆ ಎಳ್ಳು-ಬೆಲ್ಲ ಹಂಚುತ್ತಾರೆ, ಏನು ಮಾಡಲಿ?

ಹಬ್ಬಕ್ಕೆ ಒಂದು ವಾರ ಮುಂಚೆಯೇ ಕ್ಲಾಸ್ ಟೀಚರನ್ನು ಕಂಡು ವೈದ್ಯರ ಚೀಟಿಯ ಪ್ರತಿ ಕೊಡಿ. ಎಳ್ಳು-ಬೆಲ್ಲದಿಂದ ಕಡಲೆಬೀಜ ಆರಿಸಿ ತೆಗೆದರೆ ಸಾಲದು. ಅದರ ಪುಡಿ ಕೊಬ್ಬರಿ ಚೂರಿಗೂ ಬೆಲ್ಲದ ತುಂಡಿಗೂ ಅಂಟಿಕೊಂಡೇ ಇರುತ್ತದೆ. ಎಳ್ಳು ಕೂಡ ಕೆಲವು ಮಕ್ಕಳಿಗೆ ಆಗುವುದಿಲ್ಲ, ವೈದ್ಯರನ್ನು ಕೇಳಿಕೊಳ್ಳಿ. ಈ ಸಲ ಇಡೀ ತರಗತಿಗೆ ಕಬ್ಬಿನ ತುಂಡು, ಬಾಳೆಹಣ್ಣು ಹಂಚಬಹುದೇ ಎಂದು ವಿಚಾರಿಸಿ. ಎಲ್ಲರೂ ತಿನ್ನುವಾಗ ನಿಮ್ಮ ಮಗಳೊಬ್ಬಳು ದೂರ ಕೂರುವಂತಾಗಬಾರದು, ನನಗೆ ಮುಖ್ಯವೆನಿಸುವುದು ಅದೇ.

ಹುಟ್ಟುಹಬ್ಬದ ಚಾಕೊಲೇಟಿನದು ಸುಲಭ. ಪ್ಯಾಕೆಟ್ ತಿಂಡಿಯಲ್ಲಿ ಕಡಲೆಬೀಜವಿದ್ದರೆ ಲೇಬಲ್ಲಿನಲ್ಲಿ ನಮೂದಿಸಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮವಿದೆ. ಬೇಕರಿಯ ಬಿಡಿ ಕೇಕನ್ನು ಮಾತ್ರ ನಂಬಬೇಡಿ.

ಟೀಚರಿಗೆ ಇದನ್ನು ಬರೆದೇ ಕೊಡಿ: ಉಸಿರಾಟಕ್ಕೆ ಕಷ್ಟವಾದರೆ, ನಾಲಿಗೆ ಊದಿಕೊಂಡರೆ, ತಲೆಸುತ್ತು ಬಂದರೆ ಅಲರ್ಜಿ ಮಾತ್ರೆ ಕೊಟ್ಟು ಕಾಯಬಾರದು. ಅದಕ್ಕೆ ಮದ್ದು ಅಡ್ರಿನಾಲಿನ್ ಇಂಜೆಕ್ಷನ್, ತೊಡೆಯ ಹೊರಬದಿಗೆ. ಶಾಲೆಯಲ್ಲಿ ಅದನ್ನು ಇಡುವುದು, ಕೊಡುವುದು ಹೇಗೆಂದು ವೈದ್ಯರೇ ಹೇಳಿಕೊಡಲಿ. ಇಂಜೆಕ್ಷನ್ ಕೊಟ್ಟರೂ, ಅದು ಇಲ್ಲದಿದ್ದರೂ ಮಗುವನ್ನು ನಡೆಸದೆ ತಕ್ಷಣ 108ಕ್ಕೆ ಕರೆ ಮಾಡಬೇಕು.