ರಿಪೋರ್ಟ್‌ಗಳಿಂದ ಮರೆಯಾದ ರಾಜಕೀಯ ಬರಹದ ಬಗ್ಗೆ

ಚುನಾವಣೆಯ ಕುರಿತ ನಿಮ್ಮ ಬರಹವನ್ನು ಹಲವರು ಒಟ್ಟಾಗಿ ರಿಪೋರ್ಟ್ ಮಾಡಿ ತೆಗೆಸಿದ್ದಾರೆ, ಇದಕ್ಕೆ ಕಾನೂನಿನಲ್ಲಿ ಪರಿಹಾರವಿದೆಯೇ ಎಂದು ಕೇಳಿದ್ದೀರಿ. ಇದೆ. ಶ್ರೇಯಾ ಸಿಂಘಾಲ್ ಪ್ರಕರಣದ 2015ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಇಂಥ ಬರಹವನ್ನು ತೆಗೆಯುವ ಕಾನೂನಿನ ಹೊಣೆ ಜಾಲತಾಣಕ್ಕೆ ಬರುವುದು ನ್ಯಾಯಾಲಯದ ಅಥವಾ ಸರ್ಕಾರದ ಆದೇಶದಿಂದ. ಬಳಕೆದಾರರ ದೂರುಗಳು ಎಷ್ಟೇ ಇರಲಿ, ಆದೇಶವಾಗುವುದಿಲ್ಲ. ಆದರೆ ತನ್ನದೇ ನಿಯಮಾವಳಿಯ ಹೆಸರಿನಲ್ಲಿ ಜಾಲತಾಣ ಬರಹವನ್ನು ತೆಗೆಯಬಹುದು, ನಿಮಗಾದದ್ದೂ ಬಹುಶಃ ಅದೇ. ಹಾಗಿದ್ದರೂ, ಭಾರತದಲ್ಲಿ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಸಾಮಾಜಿಕ ಜಾಲತಾಣವು ನಿಮಗೆ ಕಾರಣ ತಿಳಿಸಿ, ಪ್ರಶ್ನಿಸಲು ಅವಕಾಶ ಕೊಡಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳುತ್ತವೆ. ಮೊದಲು ಅವರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಉತ್ತರ ಸಮಾಧಾನ ತರದಿದ್ದರೆ, ಅದು ಕೈಸೇರಿದ 30 ದಿನಗಳೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಸಲ್ಲಿಸಬಹುದು. ದಯವಿಟ್ಟು ಈ ಅವಧಿಯನ್ನು ಕಳೆದುಕೊಳ್ಳಬೇಡಿ.