ಹಳೇ ಮರದ ಬೀರು ತಗೊಳ್ಳುವ ಮುಂಚೆ ಅದರ ಬೆನ್ನು ನೋಡಿ

ನೀವು ಕೇಳಿರುವುದು ಇಷ್ಟು: ಬನಶಂಕರಿ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್‌ಗೆ ಬಂದಿದ್ದೀರಿ, ಪ್ಲೈವುಡ್ ವಾರ್ಡ್‌ರೋಬ್ ಬೇಡ, ಹಳೇ ಕಾಲದ ಮರದ ಬೀರು ಇಡಬೇಕು ಅಂತ ಆಸೆ. ಎಲ್ಲಿ ಸಿಗುತ್ತದೆ, ಅಸಲಿ ಅಂತ ಹೇಗೆ ಗೊತ್ತಾಗುತ್ತದೆ? ನಾನು ಇದರಲ್ಲಿ ಪಂಡಿತೆ ಏನಲ್ಲ. ಎರಡು ಬೀರು ತಗೊಂಡಿದ್ದೇನೆ, ಒಂದರಲ್ಲಿ ಚೆನ್ನಾಗಿ ಟೋಪಿ ಹಾಕಿಸಿಕೊಂಡಿದ್ದೇನೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಅಂಗಡಿ ಹೆಸರು ಬೇಡ. ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬಿದ್ದದ್ದು ಅದೇ ಬೀರು. ಬಾಗಿಲಿಗೆ ಹಸಿರು, ಹಳದಿ ಬಣ್ಣದ ಗಾಜು, ಹಿತ್ತಾಳೆ ಹಿಡಿ, ತಲೆಯ ಮೇಲೆ ಕಿರೀಟದ ಥರ ಕೆತ್ತನೆ. "ನೂರೈವತ್ತು ವರ್ಷದ್ದು ಮೇಡಂ, ಬರ್ಮಾ ಟೀಕು" ಅಂದರು. ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು, ಪಕ್ಕದಲ್ಲಿ ಕುರ್ಚಿಗಳ ರಾಶಿ. ಹಿಂದೆ ನೋಡಬೇಕು ಅಂತ ನನಗೂ ಹೊಳೆಯಲಿಲ್ಲ, ಅವರೂ ತೋರಿಸಲಿಲ್ಲ. ಚೌಕಾಸಿ ಮಾಡಿ 46 ಸಾವಿರಕ್ಕೆ ಒಪ್ಪಿಸಿದೆ, ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಮುಂದಿನ ಮಳೆಗಾಲದಲ್ಲಿ ಒಂದು ಗೃಹಪ್ರವೇಶಕ್ಕೆ ಅಂತ ಮೈಸೂರು ರೇಷ್ಮೆ ಸೀರೆ ತೆಗೆದೆ. ಮಡಿಕೆಯೊಳಗೆ ಬಿಳಿ ಪುಡಿ. ಬೆರಳಿಗೆ ತಗೊಂಡು ಉಜ್ಜಿದರೆ ಮೈದಾ ಹಿಟ್ಟಿನಷ್ಟು ನುಣುಪು, ಮರಳಿನ ಹಾಗೆ ಒಂದು ಚೂರೂ ಚುಚ್ಚಲಿಲ್ಲ. ಪೌಡರ್ ಚೆಲ್ಲಿರಬೇಕು ಅಂತ ಝಾಡಿಸಿ ಉಟ್ಟುಕೊಂಡು ಹೋದೆ. ವಾಪಸ್ ಬಂದು ನೋಡಿದರೆ ಕೆಳಗಿನ ಹಲಗೆಯ ಮೇಲೂ ಅದೇ ಪುಡಿ, ಸಣ್ಣ ಸಣ್ಣ ಗುಡ್ಡೆ. ಟಾರ್ಚ್ ಹಾಕಿದಾಗ ಪಕ್ಕದ ಹಲಗೆಯಲ್ಲಿ ಗುಂಡುಸೂಜಿ ತಲೆಯಷ್ಟು ತೂತುಗಳು, ಎಣಿಸಿ ಮುಗಿಯುವಂತಿರಲಿಲ್ಲ.

ಗುರುತಿನ ಆಚಾರ್ರನ್ನು ಕರೆಸಿದೆ. ಅವರು ಒಂದು ಹಲಗೆ ಎಳೆದು ತಿರುಗಿಸಿ, ಅಂಚಿನಲ್ಲಿ ಉಳಿಯಿಂದ ಒಂದೇ ಒಂದು ಸಿಪ್ಪೆ ತೆಗೆದರು. ಮೇಲೆ ಕಾಫಿ ಬಣ್ಣ, ಒಳಗೆ ಬೆಳ್ಳಗೆ. "ಅಮ್ಮಾ, ಬಾಗಿಲು ತಾತನ ಕಾಲದ್ದು, ಮೈ ಮೊನ್ನೆಮೊನ್ನೆದು" ಅಂದರು. ಯಾವುದೋ ಒಡೆದ ಮನೆಯ ಬಾಗಿಲಿಗೆ ಅಗ್ಗದ ಮರದ ಪೆಟ್ಟಿಗೆ ಜೋಡಿಸಿ, ಬಣ್ಣ ಹೊಡೆದು, ಪಾಲಿಶ್ ಮಾಡಿದ್ದರು, ಅಷ್ಟೇ.

ಅದಕ್ಕೇ ಹೇಳುವುದು, ಮುಖ ನೋಡಿ ಮರುಳಾಗಬೇಡಿ, ಮೊದಲು ಬೆನ್ನು ನೋಡಿ. ಗೋಡೆಯಿಂದ ಈಚೆಗೆ ಎಳೆಸಿ. "ಭಾರ ಇದೆ ಮೇಡಂ, ಆಗಲ್ಲ" ಅಂದರೆ ಇನ್ನೊಂದು ಅಂಗಡಿಗೆ ನಡೆಯಿರಿ. ಹಳೇ ಬೀರುವಿನ ಬೆನ್ನಿಗೆ ಸಾಮಾನ್ಯವಾಗಿ ಉದ್ದುದ್ದ ಹಲಗೆಗಳನ್ನು ಸೇರಿಸಿರುತ್ತಾರೆ, ಮರ ಒಣಗಿ ಕುಗ್ಗಿ ನಡುವೆ ಸಂದು ಬಿದ್ದಿರುತ್ತದೆ, ಪಾಲಿಶ್ ಇರುವುದಿಲ್ಲ, ಧೂಳು ಕೂತು ಕಪ್ಪಾಗಿರುತ್ತದೆ. ಬೆನ್ನಿನ ಮರ ಮುಂದಿನದ್ದಕ್ಕಿಂತ ಅಗ್ಗದ್ದಾಗಿದ್ದರೆ ಗಾಬರಿ ಬೇಡ, ಆಗಿನವರೂ ಕಾಣದ ಕಡೆ ದುಡ್ಡು ಉಳಿಸುತ್ತಿದ್ದರು. ಪ್ಲೈವುಡ್ ಹೊಡೆದಿದ್ದರೂ ಅದು ರಿಪೇರಿ ಇರಬಹುದು, ಆದರೆ ರೇಟು ಇಳಿಯಬೇಕು. ಬೆನ್ನು, ತಳ, ಹಲಗೆಯ ಅಡಿ ಎಲ್ಲಕ್ಕೂ ಒಂದೇ ಸಮ ಕಂದು ಬಣ್ಣ ಬಳಿದಿದ್ದರೆ ಮಾತ್ರ ಅನುಮಾನ ಪಡಿ. ಯಾರೂ ನೋಡದ ಜಾಗಕ್ಕೆ ಬಣ್ಣ ಯಾಕೆ, ಅಲ್ವಾ?

ಆಮೇಲೆ ಸ್ಕ್ರೂ. ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ಅದೂ ಮೊದಲು ಅಮೆರಿಕದ ಕಾರ್ಖಾನೆಗಳಲ್ಲಿ. ನೂರೈವತ್ತು ವರ್ಷದ ಬೀರುವಿನ ಹಿಂಜ್‌ನಲ್ಲಿ ಪ್ಲಸ್ ಸ್ಕ್ರೂ ಕಂಡರೆ ಒಂದೋ ಸ್ಕ್ರೂ ಬದಲಾಗಿದೆ, ಇಲ್ಲ ಕಥೆ ಬದಲಾಗಿದೆ. ಹಿಂಜ್ ಪಕ್ಕದಲ್ಲಿ ಹಳೇ ತೂತು ಮುಚ್ಚಿದ ಗುರುತು ಇದೆಯಾ ನೋಡಿ. ಇದ್ದರೆ ಆ ಬಾಗಿಲು ಬೇರೆಲ್ಲೋ ಇದ್ದದ್ದು ಇರಬಹುದು, ನನ್ನದರಲ್ಲಿ ಮೂರು ಕಡೆ ಇತ್ತು. ಡ್ರಾಯರ್ ಇದ್ದರೆ ಪೂರ್ತಿ ಹೊರಗೆ ಎಳೆದು ಮೂಲೆ ನೋಡಿ. ಹಳೇದಾದರೆ, ಹಲಗೆ ಕೂಡಿಸಲು ಕೈಯಲ್ಲಿ ಕೊಯ್ದ ಹಲ್ಲುಗಳು ಎಲ್ಲವೂ ಒಂದೇ ಅಳತೆ ಇರುವುದಿಲ್ಲ, ಒಂದು ಅಗಲ, ಒಂದು ಸಣ್ಣ. ಅಡಿಯ ಪಟ್ಟಿ ಉಜ್ಜಿ ಉಜ್ಜಿ ಸವೆದು ಹಳ್ಳ ಬಿದ್ದಿರುತ್ತದೆ. ಹಳೆಯ ಕೆಲಸದಲ್ಲಿ ಕೂಡುಗಳಿಗೆ ಬಿದಿರಿನ ಮೊಳೆ ಹೊಡೆದಿರುವುದೂ ಉಂಟು. ಹಿಡಿ ನಿಜವಾಗಲೂ ಹಿತ್ತಾಳೆಯಾ ಅಂತ ನೋಡಲು ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಅಂಟಿಕೊಂಡರೆ ಒಳಗೆ ಕಬ್ಬಿಣ.

ಹುಳದ ವಿಷಯದಲ್ಲಿ ಜನ ತೂತು ನೋಡಿ ಹೆದರುತ್ತಾರೆ. ತೂತು ಮಾಡಿದ ಹುಳ ಆಗಲೇ ಹೊರಗೆ ಹೋಗಿರುತ್ತದೆ. ಮರಿ ಮರದೊಳಗೆ ತಿಂಗಳುಗಟ್ಟಲೆ, ಕೆಲವು ಜಾತಿಯಲ್ಲಿ ವರ್ಷಗಟ್ಟಲೆ ತಿನ್ನುತ್ತಾ ಇದ್ದು, ದೊಡ್ಡದಾದ ಮೇಲೆ ಕೊರೆದುಕೊಂಡು ಈಚೆ ಬರುವಾಗ ಆಗುವ ತೂತು ಅದು. ಹಾಗಾಗಿ ಮುಖ್ಯವಾದದ್ದು ತಾಜಾ ಪುಡಿ. ತೂತಿನ ಹತ್ತಿರ ಬೆರಳಲ್ಲಿ ತಟ್ಟಿದಾಗ ಹಿಟ್ಟು ಉದುರಿದರೆ ಇನ್ನೂ ಒಳಗೆ ಊಟ ನಡೆಯುತ್ತಿರಬಹುದು ಅಂತ ಅನುಮಾನ ಪಡಿ. ಅಂಗಡಿಯವರು ಒಪ್ಪಿದರೆ ಅಡ್ವಾನ್ಸ್ ಕೊಟ್ಟು, ಬೀರು ಒರೆಸಿಸಿ, ಒಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಟ್ಟು ಹೋಗಿ ನೋಡಿ. ಹಿಟ್ಟಿನಂಥ ಪುಡಿ ಉದುರಿಸುವ ಹುಳ ತಿನ್ನುವುದು ಮರದ ಹೊರಸುತ್ತಿನ ಬಿಳಿ ಭಾಗವನ್ನು. ನಡುವಿನ ಗಟ್ಟಿ ಭಾಗ, ಅಂದರೆ ಚೇಗು, ಅದಕ್ಕೆ ಬೇಡ. ನನ್ನ ಬೀರುವಿನಲ್ಲಿ ಚೇಗು ಇದ್ದದ್ದು ಬಾಗಿಲಲ್ಲಿ ಮಾತ್ರ! ಆ ಬಾಗಿಲನ್ನು ಈಗ ದೇವರಮನೆಗೆ ಹಾಕಿದ್ದೇನೆ, ಮೈಯನ್ನು ಗುಜರಿಗೆ ಕೊಟ್ಟೆ.

ಎರಡನೆಯದು ಸಿಕ್ಕಿದ್ದು ಚಾಮರಾಜಪೇಟೆಯಲ್ಲಿ, ಒಂದು ಹಳೇ ಮನೆ ಒಡೆಯುವಾಗ. ಆಸ್ಪತ್ರೆ ಗೋಡೆಗೆ ಹೊಡೆಯುವಂಥ ಹಸಿರು ಪೇಂಟು, ಕೆತ್ತನೆ ಇಲ್ಲ, ಒಂದು ಕಾಲು ಮೋಟು. ಅದರ ಬೆನ್ನು ನೋಡಿದೆ, ಅದೇ ಆಚಾರ್ರು ಕೆರೆದು ನೋಡಿದರು, ಒಳಗೆ ಹಳದಿ ಮಿಶ್ರ ಕಂದು. ಹಲಸು. ತೇಗ, ಬೀಟೆ ಅಂದರೆ ಮಾತ್ರ ಜನ ಮುಗಿಬೀಳುತ್ತಾರೆ, ಹಲಸಿಗೆ ಅಂಗಡಿಯಲ್ಲಿ ಅಷ್ಟು ಮರ್ಯಾದೆ ಇಲ್ಲ. ಆದರೆ ಅದರ ಚೇಗಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ವರ್ಷ ಹೋದಂತೆ ಬಣ್ಣ ಗಾಢವಾಗುತ್ತದೆ. 14 ಸಾವಿರಕ್ಕೆ ಬಂತು, ರಿಪೇರಿ ಪಾಲಿಶ್‌ಗೆ ಇನ್ನೊಂದು 11 ಆಯಿತು. ಮನೆಯಲ್ಲಿ ಅದೇ ಈಗ ಗಟ್ಟಿ ಸಾಮಾನು.

ಹಳೇ ಪೇಂಟು ಇದ್ದರೆ ಒಂದು ಎಚ್ಚರಿಕೆ. ಆಗಿನ ಎನಾಮೆಲ್ ಪೇಂಟ್‌ಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ, ನಮ್ಮಲ್ಲಿ ಮನೆ ಪೇಂಟಿನ ಸೀಸಕ್ಕೆ ಕಾನೂನಿನ ಮಿತಿ ಜಾರಿಗೆ ಬಂದದ್ದೇ 2017ರಲ್ಲಿ. ಮನೆಯೊಳಗೆ ಒಣ ಉಪ್ಪುಕಾಗದ ಹಾಕಿ ಉಜ್ಜಿಸಬೇಡಿ, ಅದರಲ್ಲೂ ಮಕ್ಕಳಿದ್ದರೆ ಬೇಡವೇ ಬೇಡ. ಪೇಂಟ್ ರಿಮೂವರ್ ಹಚ್ಚಿ, ಮನೆ ಹೊರಗೆ ಕೆರೆಸಿ.

"ಆಂಟಿಕ್" ಅನ್ನುವ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಇಂಥ ಕುಶಲ ಕೆಲಸದ ವಸ್ತುವಿಗೆ ಕನಿಷ್ಠ 100 ವರ್ಷ ಆಗಿರಬೇಕು. "ವಿಂಟೇಜ್"ಗೆ ಅಂಥ ಲೆಕ್ಕ ಏನೂ ಇಲ್ಲ, ಬಾಯಿಗೆ ಬಂದದ್ದು. ನಾನು ನೋಡಿದ್ದರಲ್ಲಿ ಮುಕ್ಕಾಲು ಪಾಲು ನಮ್ಮ ಅಪ್ಪಂದಿರ ಕಾಲದ್ದು, ಅದರಲ್ಲಿ ತಪ್ಪೇನೂ ಇಲ್ಲ, ರೇಟು ಮಾತ್ರ ಆ ಕಾಲದ್ದೇ ಆಗಿರಲಿ. ಅಂದಹಾಗೆ ನೂರು ವರ್ಷ ದಾಟಿದ್ದನ್ನು ಸುಮ್ನೆ ಕಂಟೇನರಿಗೆ ಹಾಕಿ ವಿದೇಶಕ್ಕೆ ಒಯ್ಯುವ ಹಾಗಿಲ್ಲ. ನನ್ನ ನಾದಿನಿ ಅಮೆರಿಕಕ್ಕೆ ಒಯ್ಯುತ್ತೇನೆ ಅಂತ ಹೊರಟು, ಇದು ಗೊತ್ತಾಗಿ ಸುಮ್ಮನಾದಳು.

ಇನ್ನು ಒಳಗೆ ಏನು ಇಡುತ್ತೀರಿ ಅಂತ ಮೊದಲೇ ಯೋಚನೆ ಮಾಡಿ. ಹಳೇ ಬೀರುಗಳು ಹೆಚ್ಚಾಗಿ ಮಡಿಸಿದ ಬಟ್ಟೆಗೆ ಮಾಡಿದವು. ನನ್ನದು ಒಳಗೆ 16 ಇಂಚು ಆಳ. ಶರ್ಟ್ ಹ್ಯಾಂಗರ್ ಅಡ್ಡಡ್ಡ ತೂಗುಹಾಕಲು 22 ಇಂಚಾದರೂ ಬೇಕು, ಇಲ್ಲದಿದ್ದರೆ ಬಾಗಿಲು ಮುಚ್ಚುವುದಿಲ್ಲ. ಸೀರೆ, ಬೆಡ್‌ಶೀಟ್, ಪುಸ್ತಕ, ಪಾತ್ರೆಗಾದರೆ 16 ಸಾಕು. ಅಡುಗೆಮನೆಗೆ ಜಾಲರಿ ಬೀರು ಸಿಕ್ಕರೆ ಬಿಡಬೇಡಿ, ಈರುಳ್ಳಿ ಆಲೂಗೆಡ್ಡೆಗೆ ಗಾಳಿ ಆಡುತ್ತದೆ. ಅಜ್ಜಿ ಇರುವೆ ಹತ್ತದ ಹಾಗೆ ಅದರ ಕಾಲಡಿ ನೀರಿನ ಬಟ್ಟಲು ಇಡುತ್ತಿದ್ದರು, ನೀವು ಅದನ್ನೂ ಮಾಡಬಹುದು, ಆದರೆ ನೀರು ಬದಲಿಸದಿದ್ದರೆ ಸೊಳ್ಳೆ.

ಎಲ್ಲಿ ಅಂದರೆ, ಶಿವಾಜಿನಗರದ ಸಂದಿಗಳಲ್ಲಿ ಒಂದು ದಿನ ಸುತ್ತಿ, ಕೆ.ಆರ್. ಮಾರ್ಕೆಟ್ ಹತ್ತಿರದ ಭಾನುವಾರದ ಬಜಾರಿಗೆ ಬೆಳಗ್ಗೆ ಬೇಗ ಹೋಗಿ, ಅಲ್ಲಿ ಬೀರುವಿಗಿಂತ ಹಿಡಿ, ಬೀಗ, ಚಿಲಕ ಚೆನ್ನಾಗಿ ಸಿಗುತ್ತವೆ. ನನ್ನ ಮಟ್ಟಿಗೆ ಒಳ್ಳೆಯ ಜಾಗ ಅಂದರೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಲ್ಲಿ ಒಡೆಯುತ್ತಿರುವ ಹಳೇ ಮನೆಗಳು. ಮನೆಯವರನ್ನೋ, ಒಡೆಯುವ ಕಂಟ್ರಾಕ್ಟರನ್ನೋ ನೇರವಾಗಿ ಕೇಳಿ. ಕಾರೈಕುಡಿ, ಕೊಚ್ಚಿಯ ಮಟ್ಟಾಂಚೇರಿಯಲ್ಲೂ ಈ ವ್ಯಾಪಾರ ಜೋರು, ಆದರೆ ಒಂದೇ ಒಂದು ಬೀರುವಿಗೆ ಲಾರಿ ಬಾಡಿಗೆ ಗಿಟ್ಟುವುದಿಲ್ಲ. ಮರದ ತಲೆನೋವೇ ಬೇಡ ಅಂದರೆ ಹಳೇ ಗೋದ್ರೇಜ್ ಸ್ಟೀಲ್ ಬೀರು ನೋಡಿ. ಅವರು 1923ರಿಂದ ಮಾಡುತ್ತಿದ್ದಾರೆ. ಹುಳ ಹಿಡಿಯುವುದಿಲ್ಲ, ನೆಲ ಒರೆಸಿದ ನೀರು ತಾಗುವ ತಳದಲ್ಲಿ ತುಕ್ಕು ಇದೆಯಾ ಅಂತಷ್ಟೇ ಪರೀಕ್ಷಿಸಿ.

ದುಡ್ಡು ಕೊಡುವ ಮುಂಚೆ ಟೇಪ್ ಹಿಡಿದು ನಿಮ್ಮ ಲಿಫ್ಟ್ ಬಾಗಿಲು, ಮೆಟ್ಟಿಲ ತಿರುವು, ರೂಮಿನ ಬಾಗಿಲು ಅಳೆಯಿರಿ. ಕೆಲವು ಬೀರುಗಳ ಕಿರೀಟ, ಪೀಠ ಬಿಚ್ಚಲು ಬರುತ್ತದೆ, ಅದನ್ನೂ ಕೇಳಿ. ನಾನು ಆಳ ಅಳೆದೆ, ಎತ್ತರ ಅಳೆದೆ, ಲಿಫ್ಟ್ ಮರೆತೆ. ನಾಲ್ಕು ಜನ ಮೂರನೇ ಮಹಡಿಗೆ ಮೆಟ್ಟಿಲಲ್ಲಿ ಹೊತ್ತರು, ಎರಡನೇ ತಿರುವಿನಲ್ಲಿ ಗೋಡೆಗೆ ಕೆರೆದ ಗುರುತು ಇನ್ನೂ ಇದೆ, ಅಸೋಸಿಯೇಷನ್‌ನವರು ಅದರ ಪೇಂಟಿನ ದುಡ್ಡು ನನ್ನ ಮೇಂಟೆನೆನ್ಸ್ ಬಿಲ್ಲಿಗೆ ಸೇರಿಸಿದರು.