ರೋಕ್ ಕಲ್ಲು ಸಾಹಿತ್ಯವೇ?

ಪ್ರಶ್ನೆ: ಸ್ವೀಡನ್ನಿನ ಸಾಹಿತ್ಯ ಚರಿತ್ರೆ ಒಂದು ಶಾಸನದ ಕಲ್ಲಿನಿಂದ ಶುರುವಾಗುತ್ತದೆ ಎಂದು ಓದಿದೆ. ಸತ್ತವರ ನೆನಪಿಗೆ ನೆಟ್ಟ ಕಲ್ಲು ಸಾಹಿತ್ಯ ಹೇಗಾದೀತು?
- ಓದುಗರೊಬ್ಬರು, ಧಾರವಾಡ

ಉತ್ತರ: ಆಗುತ್ತದೆ, ಅದರಲ್ಲಿ ಪದ್ಯವಿದೆ. ನೀವು ಓದಿರುವುದು ರೋಕ್ ಕಲ್ಲಿನ ವಿಷಯವಿರಬೇಕು. ಸ್ವೀಡನ್ನಿನ ಓಸ್ಟರ್‌ಯೋಟ್ಲಂಡ್ ಪ್ರಾಂತದ ರೋಕ್ ಚರ್ಚಿನ ಪಕ್ಕದಲ್ಲಿದೆ. ಕಾಲ, ಒಂಬತ್ತನೆಯ ಶತಮಾನದ ಆರಂಭ. ಹಿಂದೆ ಯಾರೋ ಅದನ್ನು ಚರ್ಚಿನ ಕಣಜದ ಗೋಡೆಗೆ ಸೇರಿಸಿ ಕಟ್ಟಿಬಿಟ್ಟಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಡಿಸಿ ತೆಗೆದರು.

ಅಲ್ಲಿನ ರೂನ್ ಎಂಬ ಹಳೆಯ ಲಿಪಿಯ ಕಲ್ಲುಗಳಲ್ಲಿ ಬಹುಪಾಲು ‘ಇಂಥವನ ನೆನಪಿಗೆ ಇಂಥವನು ನಿಲ್ಲಿಸಿದ’ ಎಂದು ಹೇಳಿ ಸುಮ್ಮನಾಗುತ್ತವೆ. ಇದೂ ಹಾಗೇ ಶುರು: ‘ವೇಮೂದನ ನೆನಪಿಗೆ ನಿಂತಿವೆ ಈ ರೂನ್‌ಗಳು. ವಾರಿನ್ ಬರೆದ, ತಂದೆ, ತೀರಿಹೋದ ಮಗನಿಗಾಗಿ.’ ಆದರೆ ವಾರಿನ್ ಅಷ್ಟಕ್ಕೇ ನಿಲ್ಲಲಿಲ್ಲ. ಕಲ್ಲಿನ ಐದು ಮುಖಗಳಲ್ಲಿ ಸುಮಾರು 760 ರೂನ್‌ಗಳು! ಕಲ್ಲಿನ ಮೇಲೆ ಇದಕ್ಕಿಂತ ಉದ್ದದ ರೂನ್ ಬರಹ ಸಿಕ್ಕಿಲ್ಲ. ಕೆಲವು ಸಾಲುಗಳನ್ನಂತೂ ಗುಪ್ತಲಿಪಿಯಲ್ಲೇ ಕೆತ್ತಿಸಿದ್ದಾನೆ.

ಒಳಗೆ ಒಗಟಿನಂಥ ಪ್ರಶ್ನೆಗಳಿವೆ. ಇಪ್ಪತ್ತು ಅರಸರು ಸತ್ತು ಬಿದ್ದ ರಣರಂಗದಲ್ಲಿ ‘ಗುನ್ನಳ ಕುದುರೆ’ ಮೇವು ಕಾಣುತ್ತದೆ. ಗುನ್ನ್ ಯುದ್ಧದ ದೇವಕನ್ಯೆ, ಅವಳ ಕುದುರೆಯೆಂದರೆ ತೋಳ. ಸಾಹಿತ್ಯ ಎನ್ನಲು ಈ ಒಂದು ಸಾಲೇ ನನಗೆ ಸಾಕು. ನಡುವೆ ಛಂದೋಬದ್ಧವಾದ ಒಂದು ಪೂರ್ತಿ ಪದ್ಯವೂ ಇದೆ: ಧೀರ ಥಿಯೋಡೋರಿಕ್ ಕಡಲತೀರವನ್ನು ಆಳಿದ, ಈಗ ಕುದುರೆಯ ಮೇಲೆ ಸಜ್ಜಾಗಿ ಕೂತಿದ್ದಾನೆ, ಹೆಗಲಿಗೆ ಗುರಾಣಿ ಬಿಗಿದು. ಥಿಯೋಡೋರಿಕ್ ಎಂದರೆ ಹಿಂದೆ ಇಟಲಿಯನ್ನು ಆಳಿದ ಗೋಥ್ ಜನರ ಅರಸ. ನಮ್ಮ ಹಳಗನ್ನಡದಲ್ಲಿ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ. ಅವರಲ್ಲಿ ಒತ್ತಿ ಹೇಳುವ ಪದಗಳ ಮೊದಲ ಧ್ವನಿಗೇ ಪ್ರಾಸ. ಜೋರಾಗಿ ಓದಿದರೆ ಕಿವಿಗೇ ತಿಳಿಯುತ್ತದೆ. ಸ್ವೀಡಿಷ್ ಭಾಷೆಯ ಮೊದಲ ಪುಸ್ತಕವೆನ್ನುವ ಹಳೆಯ ಕಾನೂನು ಗ್ರಂಥ ಬರಹಕ್ಕಿಳಿದದ್ದು 1220ರ ದಶಕದಲ್ಲಿ. ಈ ಪದ್ಯ ಅದಕ್ಕಿಂತ ನಾನೂರು ವರ್ಷ ಹಿಂದಿನದು. ಚರಿತ್ರೆಕಾರರು ಇಲ್ಲಿಂದ ಶುರುಮಾಡುವುದು ಅದಕ್ಕೇ.

ಅರ್ಥದ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. 2020ರಲ್ಲಿ ಪೆರ್ ಹೋಲ್ಮ್‌ಬರಿ ಮತ್ತು ಇತರ ಮೂವರು ವಿದ್ವಾಂಸರು, ಇದರಲ್ಲಿರುವುದು ವೀರರ ಕತೆಯಲ್ಲ, ಬೆಳಕು ಕತ್ತಲೆಗಳ ಹೋರಾಟ ಎಂದರು. 536ರ ನಂತರ ಸೂರ್ಯ ಮಂಕಾಗಿ ಬೆಳೆ ಕೈಕೊಟ್ಟ ವರ್ಷಗಳ ಭಯ ಇದರ ಹಿಂದಿದೆ ಎಂಬುದು ಅವರ ವಾದ. ಮಗನನ್ನು ಕಳೆದುಕೊಂಡವನಿಗೆ ಲೋಕವೇ ಮುಳುಗುವ ಭಯ ಕಾಡಿದ್ದರೆ ಆಶ್ಚರ್ಯವಿಲ್ಲ. ಆದರೂ ನನ್ನ ಒಲವು ಹಳೆಯ ಓದಿನ ಕಡೆಗೇ. ಥಿಯೋಡೋರಿಕ್‌ನದೆಂದು ನಂಬಿದ್ದ ಕುದುರೆಸವಾರನ ಪ್ರತಿಮೆಯೊಂದನ್ನು 801ರಲ್ಲಿ ಫ್ರಾಂಕ್ ಚಕ್ರವರ್ತಿ ಶಾರ್ಲಮೇನ್ ಇಟಲಿಯ ರವೆನ್ನಾದಿಂದ ತನ್ನ ಅರಮನೆಯಿದ್ದ ಆಖೆನ್‌ಗೆ ತರಿಸಿದ್ದ. ‘ಈಗ ಕುದುರೆಯ ಮೇಲೆ ಕೂತಿದ್ದಾನೆ’ ಎಂಬ ಮಾತು ಆ ಪ್ರತಿಮೆಯ ಸುದ್ದಿ ಕೇಳಿದವರ ಬಾಯಿಂದಲೇ ಬಂದಂತಿದೆ.